ಕರುಳಿನ ಆಪರೇಷನ್ ಆದಮೇಲೆ ಮೂತ್ರದ ಪೈಪು ಯಾವಾಗ ತೆಗೆಯಬೇಕು?

ಪ್ರಶ್ನೆ: ನಮ್ಮ ತಂದೆಯವರಿಗೆ 66 ವರ್ಷ, ಸಕ್ಕರೆ ಕಾಯಿಲೆ 12 ವರ್ಷದಿಂದ ಇದೆ. ಗುದನಾಳದಲ್ಲಿ ಕ್ಯಾನ್ಸರ್ ಅಂತ 25 ಸಿಟ್ಟಿಂಗ್ ರೇಡಿಯೇಶನ್ ಕೊಟ್ಟು, ಆಮೇಲೆ ಬೆಂಗಳೂರಿನಲ್ಲಿ ಲ್ಯಾಪರೋಸ್ಕೋಪಿ ಆಪರೇಷನ್ ಮಾಡಿದರು. ಹೊಟ್ಟೆಯ ಮೇಲೆ ತಾತ್ಕಾಲಿಕವಾಗಿ ಮಲದ ಚೀಲ ಇಟ್ಟಿದ್ದಾರೆ. ಮೂರನೇ ದಿನ ಬೆಳಿಗ್ಗೆ ಮೂತ್ರದ ಪೈಪು ತೆಗೆದರು. ಸಂಜೆ ಐದಾದರೂ ಒಂದಕ್ಕೆ ಹೋಗಲಾಗಲಿಲ್ಲ, ಕಿಬ್ಬೊಟ್ಟೆ ಉಬ್ಬಿ ಒದ್ದಾಡಿದರು. ಮತ್ತೆ ಪೈಪು ಹಾಕಿದಾಗ 750 ಎಂಎಲ್ ಬಂತು. ಈಗ ಪೈಪಿನ ಸಮೇತ ದಾವಣಗೆರೆಗೆ ಕರೆತಂದಿದ್ದೇವೆ, ಎರಡು ವಾರ ಬಿಟ್ಟು ಬನ್ನಿ ಅಂದಿದ್ದಾರೆ. ಅದೇ ಡಾಕ್ಟರು ಪಕ್ಕದ ಬೆಡ್ಡಿನ ಹೆಂಗಸಿಗೆ ಕರುಳಿನ ಆಪರೇಷನ್ ಆದ ಮಾರನೇ ದಿನವೇ ಪೈಪು ತೆಗೆದರು, ಅವರು ಆರಾಮಾಗಿ ಓಡಾಡುತ್ತಿದ್ದರು. ನಮ್ಮ ತಂದೆಗೆ ಅವಸರ ಮಾಡಿದರೋ, ತಡ ಮಾಡಿದರೋ? ಮಾವನವರು, ಪೈಪನ್ನು ಗಂಟೆಗೊಮ್ಮೆ ಮಡಚಿ ಕಟ್ಟಿ ಬಿಡಿ, ಚೀಲಕ್ಕೆ ಅಭ್ಯಾಸ ಆಗುತ್ತೆ ಅನ್ನುತ್ತಾರೆ. ಮಾಡಬಹುದೇ? ಮೊದಲಿನಿಂದಲೂ ರಾತ್ರಿ ಮೂರು ಸಲ ಒಂದಕ್ಕೆ ಎದ್ದು ಹೋಗುವ ಅಭ್ಯಾಸ ಅವರಿಗಿತ್ತು. — ಹೆಸರು ಬೇಡ, ದಾವಣಗೆರೆ

ಉತ್ತರ: ಅವಸರವೂ ಆಗಿಲ್ಲ, ತಡವೂ ಆಗಿಲ್ಲ. ಮೂರನೇ ದಿನ ತೆಗೆದು ನೋಡಿದ್ದು ಸರಿಯಾಗಿಯೇ ಇತ್ತು, ಆಗದಿದ್ದಾಗ ಮತ್ತೆ ಹಾಕಿದ್ದೂ ಸರಿ. ನನ್ನ ತಕರಾರು ಬೇರೆ ಕಡೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಮಾವನವರ ಸಲಹೆಗೆ ಮಾತ್ರ ಈಗಲೇ ಉತ್ತರ ಹೇಳಿಬಿಡುತ್ತೇನೆ: ಪೈಪು ಮಡಚಿ ಕಟ್ಟಬೇಡಿ.

ಮೊದಲು ಪಕ್ಕದ ಬೆಡ್ಡಿನ ಲೆಕ್ಕ ಮುಗಿಸೋಣ. ಆಸ್ಪತ್ರೆಯಲ್ಲಿ ಮನೆಯವರನ್ನು ಅತಿ ಹೆಚ್ಚು ಕಾಡುವುದು ಈ ಪಕ್ಕದ ಬೆಡ್ಡೇ. 'ಕರುಳಿನ ಆಪರೇಷನ್' ಅನ್ನುವುದು ಒಂದೇ ಮಾತು, ಆದರೆ ದೊಡ್ಡಕರುಳು ಸುಮಾರು ಐದು ಅಡಿ ಉದ್ದ. ಬಲಗಡೆ ಅಪೆಂಡಿಕ್ಸ್ ಇರುವ ಜಾಗದಿಂದ ಹೊರಟು, ಮೇಲೆ ಹತ್ತಿ, ಹೊಟ್ಟೆಗೆ ಅಡ್ಡ ಹಾದು, ಎಡಗಡೆ ಇಳಿದು, ಕೊನೆಗೆ ಸೊಂಟದ ಎಲುಬುಗಳ ನಡುವಿನ ಇಕ್ಕಟ್ಟಾದ ಕುಳಿಯೊಳಗೆ ಹೋಗಿ ಸೇರುತ್ತದೆ. ಆ ಕೊನೆಯ ಒಂದು ಗೇಣಿಗಿಂತ ಕಡಿಮೆ ಭಾಗವೇ ಗುದನಾಳ. ಪಕ್ಕದವರಿಗೆ ಬಹುಶಃ ಮೇಲಿನ ಭಾಗದ ಆಪರೇಷನ್ ಆಗಿರಬೇಕು. ಅಲ್ಲಿ ಕತ್ತರಿ ಆಡಿಸುವ ಜಾಗಕ್ಕೂ ಮೂತ್ರಚೀಲಕ್ಕೂ ಸಂಬಂಧವೇ ಇಲ್ಲ. ನಿಮ್ಮ ತಂದೆಯವರ ಗುದನಾಳಕ್ಕೆ ಮೂತ್ರಚೀಲ ನೆರೆಮನೆ. ಮಧ್ಯದ ಗೋಡೆಯಲ್ಲಿ ವೈರಿಂಗ್ ಇದೆ.

ಆ ವೈರಿಂಗ್ ಸಂಗತಿಯೇ ಇಡೀ ಪ್ರಶ್ನೆಯ ಮೂಲ. ಬೆನ್ನುಮೂಳೆಯ ಬುಡದಲ್ಲಿ, ತ್ರಿಕಾಸ್ಥಿಯ ಎರಡು, ಮೂರು, ನಾಲ್ಕನೇ ರಂಧ್ರಗಳಿಂದ ಸಣ್ಣ ನರಗಳು ಹೊರಡುತ್ತವೆ. ಮೂತ್ರಚೀಲವನ್ನು ಹಿಂಡಿ ಖಾಲಿ ಮಾಡುವ ಆಜ್ಞೆ ಇವುಗಳ ಮೂಲಕವೇ ಬರಬೇಕು. ಮೇಲಿನಿಂದ ಇಳಿದು ಬರುವ ಇನ್ನೊಂದು ಜೊತೆ ನರಗಳ ಕೆಲಸ ಇದಕ್ಕೆ ಉಲ್ಟಾ: ಚೀಲವನ್ನು ಸಡಿಲಬಿಟ್ಟು, ಬಾಯಿಯನ್ನು ಬಿಗಿಹಿಡಿದು, ಮೂತ್ರ ತುಂಬಿಕೊಳ್ಳಲು ಬಿಡುವುದು. ಎರಡೂ ಗುಂಪು ಗುದನಾಳದ ಎಡಬಲಕ್ಕೆ ಬಂದು ಬಲೆಯ ಹಾಗೆ ಹೆಣೆದುಕೊಂಡು ಅಲ್ಲಿಂದ ಮೂತ್ರಚೀಲಕ್ಕೆ ಹೋಗುತ್ತವೆ. ಕೆಲವು ಎಳೆಗಳು ಹೊಲಿಗೆ ದಾರದಷ್ಟು ತೆಳು. ಕೊಬ್ಬು ಹೆಚ್ಚಿರುವ ಗಂಡಸಿನ ಕಿರಿದಾದ ಕುಳಿಯಲ್ಲಿ, ಅದರಲ್ಲೂ ರೇಡಿಯೇಶನ್ ಆಗಿ ಪದರಗಳು ಅಂಟಿಕೊಂಡಿದ್ದರೆ, ಅವನ್ನು ಬೇರೆಯಾಗಿ ಕಾಣುವುದೇ ಕಷ್ಟ.

1982ರಲ್ಲಿ ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಸರ್ಜನ್ ಬಿಲ್ ಹೀಲ್ಡ್, ಗುದನಾಳವನ್ನು ಅದರ ಸುತ್ತಲಿನ ಕೊಬ್ಬಿನ ಹೊದಿಕೆಯ ಸಮೇತ, ಕಣ್ಣಿಗೆ ಕಾಣುವ ಒಂದು ಪದರದ ಗುಂಟ ಬಿಡಿಸಿ ತೆಗೆಯುವ ಕ್ರಮವನ್ನು ಪ್ರಕಟಿಸಿದರು. ಅದಕ್ಕೂ ಮೊದಲು ಎಷ್ಟೋ ಸರ್ಜನ್‌ಗಳು ಆ ಕುಳಿಯೊಳಗೆ ಕೈ ಹಾಕಿ, ಬೆರಳಂದಾಜಿನಲ್ಲೇ ಬಿಡಿಸುತ್ತಿದ್ದರು. ಕ್ಯಾನ್ಸರ್ ಮರುಕಳಿಸುವುದು ಕಡಿಮೆಯಾಗಲಿ ಎಂದು ಬಂದ ಈ ಕ್ರಮದಿಂದ ನರಗಳಿಗೂ ಲಾಭವಾಯಿತು, ಏಕೆಂದರೆ ಅವು ಆ ಪದರದ ಹೊರಗಿವೆ. ಆದರೂ ನರ ಕತ್ತರಿಸದಿದ್ದರೆ ಸಾಲದು. ಗುದನಾಳವನ್ನು ಅತ್ತಿತ್ತ ಎಳೆದು ಹಿಡಿದಾಗ ನರಕ್ಕೆ ಜಗ್ಗು ಬೀಳುತ್ತದೆ, ರಕ್ತ ನಿಲ್ಲಿಸುವ ಕರೆಂಟಿನ ಬಿಸಿ ತಾಗುತ್ತದೆ, ಆಮೇಲೆ ಸುತ್ತ ಬಾವು ಬರುತ್ತದೆ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತು ಎದ್ದಾಗ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಕಾಲು ಇದೆ, ಮಾತು ಕೇಳುವುದಿಲ್ಲ. ಇಲ್ಲಿಯೂ ಹೆಚ್ಚುಕಡಿಮೆ ಅದೇ ಸ್ಥಿತಿ. ಕಾಲಿನ ಜೋಮು ನಿಮಿಷಗಳಲ್ಲಿ ಇಳಿಯುತ್ತದೆ, ಇದಕ್ಕೆ ದಿನಗಳು, ಕೆಲವರಿಗೆ ವಾರಗಳು ಬೇಕು.

ಹಾಗಾದರೆ ಪೈಪು ಹಾಕುವುದಾದರೂ ಯಾಕೆ? ಆಪರೇಷನ್ ಟೇಬಲ್ಲಿನ ಮೇಲೆ ಎರಡು ಕಾರಣಕ್ಕೆ. ತುಂಬಿದ ಮೂತ್ರಚೀಲ ಕುಳಿಯೊಳಗೆ ಅಡ್ಡ ಬರುತ್ತದೆ, ಗಾಯವಾಗುವ ಭಯವೂ ಇದೆ. ಎರಡನೆಯದು, ಗಂಟೆಗೆಷ್ಟು ಮೂತ್ರ ಬರುತ್ತಿದೆ ಎಂದು ನೋಡಿದರೆ ರಕ್ತದೊತ್ತಡ, ಮೂತ್ರಪಿಂಡ, ಕೊಟ್ಟ ಡ್ರಿಪ್ಪು ಎಲ್ಲದರ ಅಂದಾಜು ಸಿಗುತ್ತದೆ. ಒಂದು ಕಿಲೋ ತೂಕಕ್ಕೆ ಗಂಟೆಗೆ ಅರ್ಧ ಮಿಲಿ ಲೀಟರ್ ಎನ್ನುವುದು ಹಳೆಯ ಲೆಕ್ಕ, 60 ಕಿಲೋದವರಿಗೆ 30 ಮಿಲಿ ಲೀಟರ್. ಈ ಎರಡೂ ಕಾರಣಗಳು ಮಾರನೇ ದಿನ ಬೆಳಗಿನ ಹೊತ್ತಿಗೆ ಸಾಮಾನ್ಯವಾಗಿ ಮುಗಿದಿರುತ್ತವೆ. ಕಾರಣ ಮುಗಿದ ಮೇಲೂ ಪೈಪು ಅಲ್ಲೇ ಉಳಿಯುವುದು ಎಷ್ಟೋ ಸಲ ಮರೆವಿನಿಂದ. ಇಂಥ ಮರೆತ ಪೈಪುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ರೋಗಿ ಕಾರಿಡಾರಿನಲ್ಲಿ ಚೀಲ ಹಿಡಿದುಕೊಂಡು ವಾಕಿಂಗ್ ಮಾಡುತ್ತಿರುತ್ತಾರೆ, ಯಾಕಿದೆ ಅಂತ ಕೇಳಿದರೆ ವಾರ್ಡಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ನಾನು ಹೌಸ್‌ಸರ್ಜನ್ ಆಗಿದ್ದ ಕಾಲದಲ್ಲಿ ಇದು ಮರೆವೂ ಆಗಿರಲಿಲ್ಲ, ಪದ್ಧತಿಯೇ ಆಗಿತ್ತು. ಕರುಳಿನ ಆಪರೇಷನ್ ಎಂದರೆ ಮೂಗಿಗೊಂದು ಪೈಪು, ಹೊಟ್ಟೆಗೆರಡು, ಮೂತ್ರಕ್ಕೊಂದು, ಕೈಗೆ ಡ್ರಿಪ್ಪು. ಐದು ದಿನ ದನವನ್ನು ಗೂಟಕ್ಕೆ ಕಟ್ಟಿದ ಹಾಗೆ ಮನುಷ್ಯನನ್ನು ಮಂಚಕ್ಕೆ ಕಟ್ಟುತ್ತಿದ್ದೆವು. 1990ರ ದಶಕದಲ್ಲಿ ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್, ಈ ಒಂದೊಂದು ಪೈಪಿನಿಂದಲೂ ನಿಜವಾಗಿ ಏನು ಉಪಯೋಗ ಎಂದು ಕೇಳುತ್ತಾ ಹೋದರು. ಅಲ್ಲಿಂದ ಬೆಳೆದದ್ದೇ ಇವತ್ತು ಇರಾಸ್ ಎಂದು ಡಾಕ್ಟರುಗಳು ಹೇಳುವ ಬೇಗ ಚೇತರಿಕೆಯ ಪದ್ಧತಿ. ಬೇಗ ಉಣ್ಣಿಸು, ಬೇಗ ಎಬ್ಬಿಸಿ ನಡೆಸು, ಪೈಪುಗಳನ್ನು ಬೇಗ ತೆಗೆ. ದೊಡ್ಡಕರುಳಿನ ಆಪರೇಷನ್ನಿಗೆ ಇರಾಸ್ ಸೊಸೈಟಿಯ 2018ರ ಮಾರ್ಗಸೂಚಿ ಮೂತ್ರದ ಪೈಪಿಗೆ ಕೊಡುವ ಅವಧಿ ಒಂದರಿಂದ ಮೂರು ದಿನ. ಮೂತ್ರ ಕಟ್ಟುವ ಅಪಾಯ ಕಡಿಮೆ ಇರುವವರಿಗೆ ಮಾರನೇ ದಿನವೇ, ಅಪಾಯ ಜಾಸ್ತಿ ಇರುವವರಿಗೆ ಮೂರು ದಿನದವರೆಗೆ.

ಇಲ್ಲೊಂದು ಸಣ್ಣ ಗೊಂದಲ ಮನೆಯವರಿಗೆ ಆಗುತ್ತದೆ. ನಾವು ಆಪರೇಷನ್ ಆದ ದಿನವನ್ನು ಸೊನ್ನೆ ಎಂದು ಎಣಿಸುತ್ತೇವೆ. ಸೋಮವಾರ ಆಪರೇಷನ್ ಆದರೆ ಮಂಗಳವಾರ ಒಂದನೇ ದಿನ, ಗುರುವಾರ ಮೂರನೇ ದಿನ. ಮನೆಯವರು ಸೋಮವಾರವನ್ನೇ ಒಂದು ಅಂತ ಹಿಡಿದು, ಹೇಳಿದ್ದಕ್ಕಿಂತ ಒಂದು ದಿನ ತಡವಾಯಿತು ಎಂದು ಸಿಸ್ಟರ್ ಮೇಲೆ ರೇಗುವುದುಂಟು.

ಬೇಗ ತೆಗೆಯುವ ಆತುರಕ್ಕೆ ದೊಡ್ಡ ಕಾರಣ ಸೋಂಕು. ಪೈಪು ಒಳಗಿರುವ ಪ್ರತಿ ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣಿಸಿಕೊಳ್ಳುವ ಸಂಭವ ನೂರಕ್ಕೆ 3ರಿಂದ 8ರಷ್ಟು ಏರುತ್ತಾ ಹೋಗುತ್ತದೆ. ತಿಂಗಳಾದರೆ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 2008ರ ಅಕ್ಟೋಬರ್‌ನಿಂದ, ಆಸ್ಪತ್ರೆಯಲ್ಲಿ ಪೈಪಿನಿಂದಾದ ಮೂತ್ರದ ಸೋಂಕಿನ ಹೆಚ್ಚುವರಿ ಖರ್ಚನ್ನು ಕೊಡುವುದಿಲ್ಲ ಎಂದಿತು. ಅಲ್ಲಿಯವರೆಗೆ ಕೈಗೆ ಬಾರದಿದ್ದ ಶಿಸ್ತು, ಕಾಸಿಗೆ ಕತ್ತರಿ ಬಿದ್ದ ಮೇಲೆ ಎಷ್ಟೋ ಕಡೆ ತಾನಾಗಿ ಬಂತು.

ಆದರೆ ಬೇಗ ತೆಗೆದರೆ ಬರೀ ಲಾಭ ಎಂದೂ ಅಲ್ಲ. ಗುದನಾಳದ ಆಪರೇಷನ್ ಆದ 126 ಜನರ ಮೇಲೆ ಫ್ರಾನ್ಸಿನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಓದಿಸುತ್ತೇನೆ. ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಒಂದನೇ ದಿನ, ಉಳಿದರ್ಧಕ್ಕೆ ಐದನೇ ದಿನ ಪೈಪು ತೆಗೆದರು. ಐದು ದಿನ ಇಟ್ಟವರಲ್ಲಿ ಶೇ. 42 ಜನರಿಗೆ ಮೂತ್ರದ ಸೋಂಕಾಯಿತು, ಒಂದೇ ದಿನ ಇಟ್ಟವರಲ್ಲಿ ಶೇ. 20. ಮೂತ್ರ ಕಟ್ಟಿಕೊಂಡ ಲೆಕ್ಕ ತಿರುಗುಮುರುಗು: ಒಂದು ದಿನದವರಲ್ಲಿ ಶೇ. 25, ಐದು ದಿನದವರಲ್ಲಿ ಶೇ. 10. ಅಂದರೆ ಎರಡು ಕಡೆಯೂ ಸುಂಕ ಕಟ್ಟಲೇಬೇಕು, ಯಾವ ಸುಂಕ ಹಗುರ ಎನ್ನುವುದಷ್ಟೇ ಪ್ರಶ್ನೆ. ಆ ವೈದ್ಯರು ಕೊನೆಗೆ ಹೇಳಿದ್ದು ಇದು: ಹೆಚ್ಚಿನವರಿಗೆ ಒಂದನೇ ದಿನ ತೆಗೆಯಬಹುದು, ಗುದನಾಳದ ತೀರಾ ಕೆಳಭಾಗದ ಕ್ಯಾನ್ಸರ್ ಇದ್ದವರಿಗೆ ಮಾತ್ರ ಐದು ದಿನ ಬಿಡುವುದು ಮೇಲು. ಇಂದಿನ ಲ್ಯಾಪರೋಸ್ಕೋಪಿ, ರೋಬೋಟಿಕ್ ಕಾಲದಲ್ಲಿ ಆ ಐದು ಮೂರಕ್ಕೆ ಇಳಿದಿದೆ, ಕೆಲವು ಕಡೆ ಇನ್ನೂ ಕೆಳಗೆ.

ಬೆನ್ನಿಗೆ ಸಣ್ಣ ನಳಿಕೆ ಇಟ್ಟು ನೋವಿನ ಔಷಧಿ ಹರಿಸುವ ಎಪಿಡ್ಯೂರಲ್ ಇದ್ದವರ ಬಗ್ಗೆ ಒಂದು ಮಾತು. ಅದು ಇರುವವರೆಗೆ ಮೂತ್ರದ ಪೈಪೂ ಇರಲೇಬೇಕು ಎಂದು ನಮಗೆ ಕಲಿಸಿದ್ದರು, ನಾವೂ ಪ್ರಶ್ನಿಸದೆ ಪಾಲಿಸಿದೆವು. 2009ರಲ್ಲಿ ಕೆನಡಾದ ಮಾಂಟ್ರಿಯಲ್‌ನವರು ಎದೆಯ ಮಟ್ಟದ ಎಪಿಡ್ಯೂರಲ್ ಇದ್ದಾಗಲೇ ಮಾರನೇ ದಿನ ಬೆಳಿಗ್ಗೆ ಪೈಪು ತೆಗೆದು ನೋಡಿದರು. ಸೋಂಕು ಶೇ. 14ರಿಂದ ಶೇ. 2ಕ್ಕೆ ಇಳಿಯಿತು. ನಂಬಿಕೊಂಡು ಬಂದದ್ದು ಹೀಗೆ ಮುರಿಯುವಾಗ ಸ್ವಲ್ಪ ನಾಚಿಕೆಯೂ ಆಗುತ್ತದೆ.

ಈಗ ನಿಮ್ಮ ತಂದೆಯವರಿಗೆ ಬರುತ್ತೇನೆ. ಪತ್ರದ ಕೊನೆಯಲ್ಲಿ, ಬರೆದದ್ದೋ ಬೇಡವೋ ಅನ್ನುವ ಹಾಗೆ ಸೇರಿಸಿದ ಸಾಲು ನನಗೆ ಮೊದಲು ಕಣ್ಣಿಗೆ ಬಿತ್ತು: ರಾತ್ರಿ ಮೂರು ಸಲ ಏಳುವುದು. 66ರ ಗಂಡಸು, ಪ್ರಾಸ್ಟೇಟ್ ಗ್ರಂಥಿ ಸ್ವಲ್ಪವಾದರೂ ಬೆಳೆದಿರುತ್ತದೆ. ಸಕ್ಕರೆ ಕಾಯಿಲೆ ರಾತ್ರಿ ಮೂತ್ರ ಹೆಚ್ಚಿಸುವುದಷ್ಟೇ ಅಲ್ಲ, 12 ವರ್ಷದಲ್ಲಿ ಮೂತ್ರಚೀಲದ ನರಗಳನ್ನೂ ಒಳಗೊಳಗೇ ಮಂಕು ಮಾಡಿರಬಹುದು. ಅದರ ಮೇಲೆ ರೇಡಿಯೇಶನ್, ಅದರ ಮೇಲೆ ಗುದನಾಳದ ಆಪರೇಷನ್, ನೋವಿಗೆ ಕೊಟ್ಟ ಮಾರ್ಫಿನ್ ಜಾತಿಯ ಔಷಧಿ. ಇಷ್ಟು ಹೊರೆ ಹೊತ್ತ ಚೀಲ ಮೂರನೇ ದಿನ ಮಾತು ಕೇಳದಿದ್ದರೆ ಆಶ್ಚರ್ಯವಿಲ್ಲ. ಹಾಗೆಂದು ತೆಗೆದು ನೋಡಬಾರದಿತ್ತು ಎಂದೂ ಅಲ್ಲ. ಇಷ್ಟೆಲ್ಲ ಇದ್ದವರಲ್ಲೂ ಎಷ್ಟೋ ಜನ ಮೂರನೇ ದಿನ ಸರಾಗವಾಗಿ ಹೋಗುತ್ತಾರೆ. ತೆಗೆದು ನೋಡದೆ ಅದು ಗೊತ್ತಾಗುವ ದಾರಿಯಿಲ್ಲ.

ನನ್ನ ತಕರಾರು ಇಲ್ಲಿದೆ. ಬೆಳಿಗ್ಗೆ ತೆಗೆದವರು ಸಂಜೆ ಐದರವರೆಗೆ ಕಾಯಬಾರದಿತ್ತು. ಪೈಪು ತೆಗೆದು ಆರು ತಾಸಿನೊಳಗೆ ಮೂತ್ರ ಬರದಿದ್ದರೆ, ಒದ್ದಾಟ ಶುರುವಾಗುವ ಮೊದಲೇ ಮೂತ್ರಚೀಲಕ್ಕೆ ಸ್ಕ್ಯಾನ್ ಇಟ್ಟು ನೋಡಬೇಕು. ಚೀಲದ ಸಾಮರ್ಥ್ಯ ಸಾಧಾರಣವಾಗಿ 400-500 ಮಿಲಿ ಲೀಟರ್. 750ರವರೆಗೆ ಹಿಗ್ಗಿದ ಚೀಲ ಹಳೇ ಚಡ್ಡಿಯ ಇಲಾಸ್ಟಿಕ್ ಇದ್ದ ಹಾಗೆ, ಬಿಟ್ಟ ತಕ್ಷಣ ಮೊದಲಿನ ಬಿಗಿಗೆ ಬರುವುದಿಲ್ಲ. ಅದಕ್ಕೇ ಈಗ ಎರಡು ವಾರದ ವಿಶ್ರಾಂತಿ ಬೇಕಾಗಿದೆ. ಹೆದರುವ ವಿಷಯ ಅಲ್ಲ, ಆದರೆ ತಪ್ಪಿಸಬಹುದಿತ್ತು.

ಈ ಮಾತು ಹೇಳುವಾಗ ನನ್ನದೇ ಒಂದು ರಾತ್ರಿ ನೆನಪಾಗುತ್ತದೆ. ಆಗಷ್ಟೇ ಸರ್ಜನ್ ಆಗಿದ್ದೆ. ಎಪ್ಪತ್ತರ ಹತ್ತಿರದ ಅಜ್ಜ, ಗುದನಾಳದ ಆಪರೇಷನ್ ಆಗಿ ನಾಲ್ಕನೇ ದಿನ, ಬೆಳಿಗ್ಗೆ ಪೈಪು ತೆಗೆಸಿದ್ದೆ. ಸಂಜೆ ರೌಂಡ್ಸಿನಲ್ಲಿ ಕೇಳಿದೆ, "ಒಂದಕ್ಕೆ ಹೋದ್ರಾ ತಾತ?" "ಹೋಗ್ತಾ ಇದೆ ಸಾಮಿ, ಸ್ವಲ್ಪ ಸ್ವಲ್ಪ." ಅಷ್ಟು ಸಾಕೆಂದು ಮುಂದಿನ ಮಂಚಕ್ಕೆ ಹೋದೆ. ರಾತ್ರಿ ಹನ್ನೊಂದಕ್ಕೆ ಫೋನು: ಹೊಟ್ಟೆ ಉಬ್ಬಿದೆ, ನೋವು, ನಾಡಿ 120. ಕರುಳಿನ ಹೊಲಿಗೆ ಬಿಟ್ಟಿದೆ ಎಂದೇ ತೀರ್ಮಾನಿಸಿ, ಥಿಯೇಟರಿಗೆ ಹೇಳಿ, ಮಗನ ಹತ್ತಿರ ಇನ್ನೊಂದು ಆಪರೇಷನ್ನಿಗೆ ಸಹಿ ಕೂಡ ಮಾಡಿಸಿದೆ. ಥಿಯೇಟರಿಗೆ ಸಾಗಿಸುವ ಮುಂಚೆ ರೂಢಿಯಂತೆ ಸಿಸ್ಟರ್ ಪೈಪು ಹಾಕಿದರು. 1,100 ಮಿಲಿ ಲೀಟರ್ ಬಂತು. ಉಬ್ಬಿದ ಹೊಟ್ಟೆ ನನ್ನ ಕಣ್ಣೆದುರೇ ಇಳಿಯಿತು, ಅಜ್ಜ ಉಸಿರು ಬಿಟ್ಟು ನಿದ್ದೆ ಹೋದರು. 'ಸ್ವಲ್ಪ ಸ್ವಲ್ಪ ಹೋಗುವುದು' ತುಂಬಿದ ಕೊಡ ತುಳುಕುವುದು ಎಂದು ನಾನು ಪುಸ್ತಕದಲ್ಲಿ ಓದಿದ್ದೆ, ಮಂಚದ ಪಕ್ಕ ನಿಂತು ಗುರುತಿಸಲಿಲ್ಲ. ಅವತ್ತಿನಿಂದ ನಾನು ಹೋದಿರಾ ಎಂದು ಕೇಳುವುದನ್ನು ಬಿಟ್ಟು, ಎಷ್ಟು ಹೋದಿರಿ, ಅಳೆದಿದ್ದೀರಾ ಎಂದು ಕೇಳುತ್ತೇನೆ.

ಮನೆಯಲ್ಲಿ ಈಗ ನೋಡಿಕೊಳ್ಳಬೇಕಾದ್ದು. ಒಳಗಿರುವುದು ಫೋಲಿ ಕ್ಯಾಥೆಟರ್, 1930ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಫೋಲಿ ಎಂಬ ಮೂತ್ರರೋಗ ತಜ್ಞರು ರೂಪಿಸಿದ್ದು. ತುದಿಯಲ್ಲಿ ಪುಟ್ಟ ಬಲೂನು, ಅದರೊಳಗೆ ಸುಮಾರು 10 ಮಿಲಿ ಲೀಟರ್ ನೀರು. ಅದೇ ಅದನ್ನು ಮೂತ್ರಚೀಲದೊಳಗೆ ಹಿಡಿದಿಟ್ಟಿರುವುದು. ಎಳೆದರೆ ಬಲೂನಿನ ಸಮೇತ ಬಂದು ದಾರಿಯೆಲ್ಲ ಹರಿದು ಗಾಯವಾಗುತ್ತದೆ, ಆದ್ದರಿಂದ ಪೈಪನ್ನು ತೊಡೆಗೆ ಪ್ಲಾಸ್ಟರಿನಿಂದ ಸಡಿಲವಾಗಿ ಅಂಟಿಸಿ, ಪಂಚೆ ಲುಂಗಿ ಉಡುವಾಗ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಬ್ಯಾಗು ಯಾವಾಗಲೂ ಸೊಂಟಕ್ಕಿಂತ ಕೆಳಗೆ ಇರಬೇಕು, ಆದರೆ ನೆಲಕ್ಕೆ ತಾಗಬಾರದು. ಕಾರಿನಲ್ಲಿ ಕೂತಾಗ ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಳ್ಳುವವರೇ ಹೆಚ್ಚು. ಹಾಗೆ ಇಟ್ಟರೆ ಹಳೆಯ ಮೂತ್ರ ವಾಪಸ್ಸು ಒಳಗೆ ಹರಿಯುತ್ತದೆ. ಸ್ನಾನ ಮಾಡಿಸಿ, ಸೋಪು ನೀರಿನಲ್ಲಿ ಪೈಪಿನ ಬುಡ ತೊಳೆಯಿರಿ, ಡೆಟಾಲ್ ಗಿಟಾಲ್ ಬೇಡ. ತೊಳೆಯುವಾಗ ಮುಂದೊಗಲನ್ನು ಹಿಂದಕ್ಕೆ ಸರಿಸಿದರೆ ಮರೆಯದೆ ಮುಂದಕ್ಕೆ ತನ್ನಿ. ಹಿಂದೆಯೇ ಬಿಟ್ಟರೆ ಬಾತುಕೊಂಡು, ಅದೇ ಒಂದು ಎಮರ್ಜೆನ್ಸಿ ಆಗುತ್ತದೆ.

ನೀರಿನ ವಿಚಾರದಲ್ಲಿ ನಿಮ್ಮ ಮನೆಯ ಪರಿಸ್ಥಿತಿ ಸ್ವಲ್ಪ ಬೇರೆ. ಪೈಪು ಇರುವವರಿಗೆ ಚೆನ್ನಾಗಿ ನೀರು ಕುಡಿಯಿರಿ ಎಂದು ಕಣ್ಣುಮುಚ್ಚಿ ಹೇಳಬಹುದು, ಹೊಟ್ಟೆಯ ಮೇಲೆ, ಬಹುಶಃ ನಿಮ್ಮ ತಂದೆಯವರಿಗೆ ಇಟ್ಟಿರುವಂಥ, ಸಣ್ಣಕರುಳಿನಿಂದ ಮಲ ಬೀಳುವ ಚೀಲ ಇರುವವರಿಗೆ ಹಾಗಲ್ಲ. ಆ ಚೀಲದಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರು ಸುರಿದಷ್ಟೂ ಉಪ್ಪು ಇನ್ನಷ್ಟು ಹೋಗಿ, ಮೂತ್ರ ಕಡಿಮೆಯಾಗಿ, ಸುಸ್ತು ಬರುತ್ತದೆ. ಓಆರ್‌ಎಸ್, ಉಪ್ಪು ಹಾಕಿದ ಗಂಜಿ, ಮಜ್ಜಿಗೆ ಸೇರಿಸಿ ಕೊಡಿ. ಮಲದ ಚೀಲದಲ್ಲಿ ದಿನಕ್ಕೆ ಒಂದೂವರೆ ಲೀಟರ್ ದಾಟಿದರೆ ಆಸ್ಪತ್ರೆಗೆ ಫೋನ್ ಮಾಡಿ. ಮೂತ್ರದ ಬ್ಯಾಗಿನಲ್ಲಿ ಬರುವುದು ಕಡಿಮೆ ಕಂಡರೆ ಪೈಪು ಕಟ್ಟಿದೆ ಎಂದೇ ತಿಳಿಯಬೇಡಿ. ಕಿಬ್ಬೊಟ್ಟೆ ಗಟ್ಟಿಯಾಗಿ ಉಬ್ಬಿ ನೋವಿದ್ದರೆ ಕಟ್ಟಿರಬಹುದು. ಕಿಬ್ಬೊಟ್ಟೆ ಮೆತ್ತಗಿದ್ದು, ಬಾಯಿ ಒಣಗಿ, ಮೂತ್ರ ಕಡು ಹಳದಿಯಾಗಿದ್ದರೆ ಮೈಯಲ್ಲಿ ನೀರೇ ಇಲ್ಲ. ಎರಡಕ್ಕೂ ಮದ್ದು ಬೇರೆ.

ಪೈಪಿನ ಮೂತ್ರವನ್ನು ಲ್ಯಾಬಿಗೆ ಕೊಟ್ಟು ಕಲ್ಚರ್ ಮಾಡಿಸುವ ಉತ್ಸಾಹ ಬೇಡ. ಬ್ಯಾಕ್ಟೀರಿಯಾ ಸಿಗಬಹುದು, ಸಿಕ್ಕಿದ್ದಕ್ಕೆಲ್ಲ ಮಾತ್ರೆ ನುಂಗಿದರೆ ಮುಂದೆ ಬೇಕಾದಾಗ ಆ ಮಾತ್ರೆ ಕೆಲಸ ಮಾಡುವುದಿಲ್ಲ. ಚಳಿ ಜ್ವರ, ಪಕ್ಕೆ ನೋವು, ಇದ್ದಕ್ಕಿದ್ದಂತೆ ಮಾತು ತೊದಲುವುದು, ಮಂಕಾಗುವುದು, ಇವಿದ್ದರೆ ತಡಮಾಡದೆ ತೋರಿಸಿ. ಮೂತ್ರ ಸ್ವಲ್ಪ ಮೋಡವಾದದ್ದಕ್ಕೆ, ವಾಸನೆ ಬಂದದ್ದಕ್ಕೆ ಅಲ್ಲ.

ಮಡಚಿ ಕಟ್ಟುವ ಪ್ರಶ್ನೆ. ಮಾವನವರನ್ನು ನಾನು ದೂರುವುದಿಲ್ಲ, ಇದನ್ನು ನಾವೇ ವಾರ್ಡುಗಳಲ್ಲಿ ದಶಕಗಳ ಕಾಲ ಮಾಡಿಸಿದ್ದೇವೆ. ಆದರೆ ಕಟ್ಟಿ ಬಿಟ್ಟು ಮಾಡಿದ್ದರಿಂದ ಪೈಪು ತೆಗೆದ ಮೇಲೆ ಮೂತ್ರ ಸಲೀಸಾಗಿ ಬರುತ್ತದೆ ಎನ್ನುವುದು ಹೋಲಿಕೆ ಪ್ರಯೋಗಗಳಲ್ಲಿ ಸಾಬೀತಾಗಿಲ್ಲ. ಜೋಮು ಹಿಡಿದಿರುವುದು ನರಕ್ಕೆ, ಅದಕ್ಕೆ ಬೇಕಾದದ್ದು ಕಾಲ. ನಿಮ್ಮಲ್ಲಿ ಇನ್ನೊಂದು ಅಪಾಯವೂ ಇದೆ: ಕಟ್ಟಿ ನಿದ್ದೆ ಹೋದರೆ, ತುಂಬಿದ್ದು ಅವರಿಗೆ ಗೊತ್ತಾಗದೇ ಇರಬಹುದು.

ಪ್ರಾಸ್ಟೇಟ್ ಬಿಗಿ ಸಡಿಲಿಸುವ ಟ್ಯಾಮ್‌ಸುಲೋಸಿನ್ 0.4 ಮಿಲಿ ಗ್ರಾಂ ಮಾತ್ರೆಯನ್ನು ಡಾಕ್ಟರು ಬರೆದಿದ್ದಾರೆಯೇ ನೋಡಿ. ಬರೆದಿಲ್ಲವಾದರೆ, ರಾತ್ರಿ ಏಳುವ ಸಂಗತಿಯನ್ನು ಅವರಿಗೆ ಹೇಳಿ ಕೇಳಿ. ನರದ ಜೋಮಿಗೆ ಅದು ಏನೂ ಮಾಡುವುದಿಲ್ಲ, ಬಾಗಿಲನ್ನಷ್ಟೇ ಸ್ವಲ್ಪ ಸಡಿಲಿಸುತ್ತದೆ. ಮಂಚದಿಂದ ಥಟ್ಟನೆ ಎದ್ದರೆ ತಲೆ ಸುತ್ತಬಹುದು, ಮೊದಲ ವಾರ ಯಾರಾದರೂ ಜೊತೆಗಿರಿ. ಮುಂದೆ ಕಣ್ಣಿನ ಪೊರೆ ಆಪರೇಷನ್ ಮಾಡಿಸುವುದಿದ್ದರೆ ಈ ಮಾತ್ರೆ ತೆಗೆದುಕೊಂಡದ್ದನ್ನು ಕಣ್ಣಿನ ಡಾಕ್ಟರಿಗೆ ಹೇಳಲೇಬೇಕು. ನೆಗಡಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮಾತ್ರೆಗಳು ಈ ದಿನಗಳಲ್ಲಿ ಬೇಡ, ಅವು ಮೂತ್ರ ಕಟ್ಟಿಸುತ್ತವೆ.

ಎರಡನೇ ಸಲವೂ ಆಗದಿದ್ದರೆ? ಈ ಪ್ರಶ್ನೆ ನೀವು ಬರೆದಿಲ್ಲ, ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಬಹುಪಾಲು ಜನರಿಗೆ ವಾರಗಳಲ್ಲಿ, ತಡವಾದರೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಅಲ್ಲಿಯವರೆಗೆ ಪೈಪು ಸದಾ ಒಳಗೇ ಇರಬೇಕಿಲ್ಲ. ದಿನಕ್ಕೆ ನಾಲ್ಕೈದು ಸಲ ತೆಳ್ಳಗಿನ ಪೈಪನ್ನು ತಾವೇ ಹಾಕಿ, ಖಾಲಿ ಮಾಡಿ, ತೆಗೆದುಬಿಡುವ ವಿಧಾನವಿದೆ. 1972ರಲ್ಲಿ ಅಮೆರಿಕದ ಮಿಷಿಗನ್‌ನ ಜ್ಯಾಕ್ ಲ್ಯಾಪಿಡಿಸ್, ಇದಕ್ಕೆ ಥಿಯೇಟರಿನ ಮಟ್ಟದ ನಿರ್ಜಂತುಕತೆ ಬೇಡ, ಸೋಪಿನಲ್ಲಿ ತೊಳೆದ ಕೈ ಸಾಕು ಎಂದಾಗ ವೈದ್ಯಲೋಕ ಹುಬ್ಬೇರಿಸಿತ್ತು. ಇವತ್ತು ಅದೇ ರೂಢಿ. ನಮ್ಮವರು ಮೊದಲ ಸಲ ಕೇಳಿದಾಗ ಮುಖ ಕಿವುಚುತ್ತಾರೆ, "ಅಯ್ಯೋ ನಾನೇ ಹಾಕ್ಕೋಬೇಕಾ" ಅನ್ನುತ್ತಾರೆ. ಮೂರನೇ ದಿನಕ್ಕೆ ಹಲ್ಲುಜ್ಜಿದಷ್ಟು ಸಲೀಸು. ಸದಾ ತೊಡೆಗೆ ಬ್ಯಾಗು ತೂಗಿಹಾಕಿಕೊಂಡು ಮದುವೆ ಮುಂಜಿಗೆ ಹೋಗುವುದಕ್ಕಿಂತ ಇದು ಎಷ್ಟೋ ವಾಸಿ.

ತೆಗೆಸುವ ದಿನ. ಬೆಳಗಿನ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ವಾರ್ಡಿನಲ್ಲಿ ಮಲಗಿದ್ದವರಿಗಾದರೆ ಮಧ್ಯರಾತ್ರಿ ಪೈಪು ತೆಗೆಯುವುದರಿಂದ ಸ್ವಲ್ಪ ಲಾಭವಿದೆ ಎನ್ನುತ್ತಾರೆ, ರಾತ್ರಿ ನಿಧಾನಕ್ಕೆ ತುಂಬಿ ಬೆಳಗಿನ ಮೊದಲ ಮೂತ್ರ ಚೆನ್ನಾಗಿ ಬರುತ್ತದೆ. ಊರಿಂದ ಬರುವವರಿಗೆ ಅದು ಆಗದ ಮಾತು. ಸಿರಿಂಜಿನಿಂದ ಬಲೂನಿನ ನೀರು ಹೀರಿ, ದೀರ್ಘ ಉಸಿರು ಎಳೆಯಿರಿ ಎನ್ನುತ್ತಾರೆ, ಪೈಪು ಜಾರಿ ಬರುತ್ತದೆ. ಮೊದಲೆರಡು ಸಲ ಉರಿ ಇರುತ್ತದೆ, ತುಸು ಕೆಂಪೂ ಕಾಣಬಹುದು. ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. ಒಂದೇ ಸಲಕ್ಕೆ ಒಂದು ಲೀಟರ್ ನೀರು ಕುಡಿಸಿ ಚೀಲವನ್ನು ಹೆದರಿಸಬೇಡಿ, ಗಂಟೆಗೊಂದು ಲೋಟ ಸಾಕು. ಮಲಗಿಕೊಂಡು ಪಾಟ್ ಹಿಡಿಯುವ ಬದಲು ಬಾತ್‌ರೂಮಿಗೆ ನಡೆಸಿಕೊಂಡು ಹೋಗಿ, ನಿಂತೇ ಹೋಗಲಿ, ನಲ್ಲಿ ಬಿಟ್ಟರೂ ತಪ್ಪಿಲ್ಲ. ಬಂದದ್ದನ್ನು ಅಳತೆಯ ಜಗ್ಗಿನಲ್ಲಿ ಹಿಡಿದು ಬರೆಯಿರಿ. ಹೋದ ತಕ್ಷಣ ಸ್ಕ್ಯಾನಿನಲ್ಲಿ ಒಳಗೆ ಉಳಿದದ್ದೆಷ್ಟು ನೋಡುತ್ತಾರೆ. ನಾನು ಇಟ್ಟುಕೊಂಡಿರುವ ಲೆಕ್ಕದಲ್ಲಿ 150ರೊಳಗಿದ್ದರೆ ಖುಷಿಯಾಗಿ ಮನೆಗೆ, 300ರ ಆಚೆ ಇದ್ದರೆ ಇನ್ನೊಂದು ಸಲ ಹೋಗಿಸಿ ನೋಡದೆ ಬಿಡುವುದಿಲ್ಲ.

ಮತ್ತೆ, ಪೈಪು ತೆಗೆದ ಕೂಡಲೇ ದಾವಣಗೆರೆ ಬಸ್ಸು ಹತ್ತಬೇಡಿ. ತುಮಕೂರು ದಾಟಿದ ಮೇಲೆ ಹೊಟ್ಟೆ ಉಬ್ಬಿದರೆ ಹೆದ್ದಾರಿಯಲ್ಲಿ ಯಾರ ಬಾಗಿಲು ತಟ್ಟುತ್ತೀರಿ? ಎರಡು ಸಲ ಚೆನ್ನಾಗಿ ಹೋಗಿ, ಸ್ಕ್ಯಾನಿನಲ್ಲಿ ಉಳಿಕೆ ಕಡಿಮೆ ಎಂದು ನೋಡಿಕೊಂಡು, ಮಧ್ಯಾಹ್ನದ ಮೇಲೆ ಹೊರಡಿ. ಆ ಅಳತೆಯ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳಿ, ರಾತ್ರಿ ಊರಿನ ಡಾಕ್ಟರಿಗೆ ತೋರಿಸಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಅದನ್ನೇ.